ಬೆಚ್ಚಗಿದ್ದ ಟೇಪು

ಬೀರುವಿನಿಂದ ತೆಗೆದ ಟೇಪು ಕೈಗೆ ಬೆಚ್ಚಗೆ ತಾಗಿತು. ಆಸ್ಪತ್ರೆಯ ರೋಗಿಗಳ ದಾಖಲೆಯ ಬ್ಯಾಕಪ್ ಅದು. ಮೂರು ತಿಂಗಳಿಂದ ಯಾರೂ ಮುಟ್ಟಿರಬಾರದು. ಈಗಷ್ಟೇ ಟೇಪು ಓದುವ ಡ್ರೈವ್‌ನಲ್ಲಿ ಓಡಿದ ಟೇಪು ಮಾತ್ರ ಹೀಗೆ ಬಿಸಿಯಾಗಿರುತ್ತದೆಂದು, ಹನ್ನೊಂದು ವರ್ಷದಿಂದ ಈ ಕೋಣೆಯನ್ನು ನೋಡಿಕೊಂಡು ಎಲ್ಲರ ಬಾಯಲ್ಲೂ ಟೇಪಕ್ಕ ಆಗಿಹೋಗಿದ್ದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೀರುವಿಗೆ ಇದ್ದದ್ದು ಎರಡೇ ಬೀಗದ ಕೈ. ಇನ್ನೊಂದು, ಹೋದ ವಾರ ಸೇರಿದ ಎಂಜಿನಿಯರ್ ಹತ್ತಿರ.

ಅವನು ಈ ಕಡೆ ಬೆನ್ನು ಹಾಕಿ ಕಂಪ್ಯೂಟರ್ ಮುಂದೆ ಕೂತಿದ್ದ. ಬಂದ ದಿನದಿಂದಲೂ ಅವನ ಅತಿವಿನಯ ಅವಳಿಗೆ ಸರಿಬಂದಿರಲಿಲ್ಲ.

"ಏನಪ್ಪಾ, ಇದನ್ನ ಯಾಕೆ ಓಡಿಸಿದೆ?"

"ಯಾವುದನ್ನ ಅಕ್ಕಾ?"

"ಆಟ ಆಡಬೇಡ. ಇನ್ನೂ ಬಿಸಿ ಆರಿಲ್ಲ. ಯಾರಿಗೆ ಕಾಪಿ ಮಾಡಿ ಕೊಡ್ತಿದ್ದೀಯ?"

ಅವನು ಕುರ್ಚಿ ತಿರುಗಿಸಿದ. ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಅದೇ ಅವಳ ಅನುಮಾನವನ್ನು ಇನ್ನಷ್ಟು ಕೆದಕಿತು.

"ಒಂದು ಫೈಲಾದ್ರೂ ವಾಪಸ್ ಬರುತ್ತಾ ಅಂತ ನೋಡ್ತಿದ್ದೆ. ಇದು ಏಳನೇ ಟೇಪು. ಏಳರಲ್ಲೂ ಫೈಲುಗಳ ಹೆಸರಿನ ಪಟ್ಟಿ ಬರುತ್ತೆ, ಫೈಲ್ ಮಾತ್ರ ಒಂದೂ ತೆರೆಯಲ್ಲ." ಅವನು ದನಿ ತಗ್ಗಿಸಿದ. "ನೀವು ಯಾವತ್ತಾದ್ರೂ ತೆರೆದು ನೋಡಿದ್ರಾ ಅಕ್ಕಾ?"

ಪ್ರತಿ ಬ್ಯಾಕಪ್ ಮುಗಿದಾಗಲೂ ರಿಪೋರ್ಟಿನಲ್ಲಿ ಹಸಿರು ಟಿಕ್ ಬರುತ್ತಿತ್ತು. ಅವಳು ಸಹಿ ಹಾಕುತ್ತಿದ್ದಳು, ಚೀಟಿ ಅಂಟಿಸುತ್ತಿದ್ದಳು, ಬೀಗ ಜಡಿಯುತ್ತಿದ್ದಳು.

ಅವಳು ಬೀರುವಿನತ್ತ ತಿರುಗಿದಳು. ನಾನೂರು ಟೇಪುಗಳು, ಒಂದೊಂದರ ಬೆನ್ನ ಮೇಲೂ ಅವಳದೇ ದುಂಡಕ್ಷರ. ಒಂದನ್ನು ಹೊರಗೆಳೆದು ಅವನ ಕೈಗಿಟ್ಟಳು. ಅದು ತಣ್ಣಗಿತ್ತು.