ನೆತ್ತಿಯ ಮೇಲಿನ ಆಣೆ

ಈಗಲೂ ಅರಿಶಿನದ ವಾಸನೆ ಬಂದರೆ ನನ್ನ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ.

ಆಗ ನನಗೆ ಎಂಟು ವರ್ಷ. ಕಾನಹೊಸಹಳ್ಳಿಯ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಮತದಾನದ ಹಿಂದಿನ ದಿನ ಮಧ್ಯಾಹ್ನ ಮೂವರು ಗಂಡಸರು ಭಂಡಾರದ ತಟ್ಟೆ ಹಿಡಿದು ಮನೆಮನೆಗೂ ಬಂದರು. ದೇವರ ಆ ಅರಿಶಿನ ಪುಡಿ ಮುಟ್ಟಿಸಿ, ತಾವು ಹೇಳಿದವರಿಗೇ ಓಟು ಎಂದು ಆಣೆ ಮಾಡಿಸುತ್ತಿದ್ದರು. ಅಪ್ಪ ಊರಲ್ಲಿರಲಿಲ್ಲ. ಮುಂದಿದ್ದವನು ಒಳಗೆ ಬಂದು ಗೋಡೆಯ ಶಿಲುಬೆ ನೋಡಿದ.

“ನಿಮಗ ಭಂಡಾರ ನಡೆಯಂಗಿಲ್ಲಲ್ಲ. ಅದನ್ನ ಮುಟ್ಟಿ ಹೇಳಕ್ಕಾ.”

“ಪ್ರಾರ್ಥನಿ ಮಾಡಿ, ಮನಸ್ಸು ಒಪ್ಪಿದಂಗ ಹಾಕ್ತೀನಣ್ಣ. ಆಣಿ ಮಾಡಂಗಿಲ್ಲ,” ಎಂದಳು ಅವ್ವ.

“ನಿಮ್ಮ ಏಸಪ್ಪಂದೂ ಈ ಊರಾಗ ಓಟು ಐತೇನು?” ಎಂದ ಮುಂದಿದ್ದವನು. ಹಿಂದಿದ್ದವರು ನಕ್ಕರು.

ಅವನು ನಗಲಿಲ್ಲ. ಭಂಡಾರ ಮೆತ್ತಿದ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟ. “ಹಂಗಾದ್ರ ಕೂಸಿನ ತಲಿ ಮುಟ್ಟಿ ಹೇಳು. ನಾಳೆ ಇದಕ್ಕೇನಾದ್ರೂ ಆದ್ರ ನಮ್ಮನ್ನ ಕೇಳಬ್ಯಾಡ.”

ಕೈ ಭಾರವಾಗಿತ್ತು. ಬೆರಳುಗಳು ಕೂದಲ ಬುಡ ಹಿಡಿದಿದ್ದವು.

ಅವ್ವ ಹತ್ತಿರ ಬಂದು ಆ ಕೈಯನ್ನು ಎತ್ತಿ ಸರಿಸಿದಳು. “ಇದು ಆಣಿ ಮಾಡ್ಸೋ ಕಲ್ಲಲ್ಲರಿ. ನನ್ನ ಮಗಳು.”

“ನಾಳೆ ಗೇಟಿನಾಗ ಇರ್ತೀನಿ,” ಎಂದು ಅವನು ಹೋದ.

ಹೇಳಿದಂತೆ ಮರುದಿನ ಮತಗಟ್ಟೆಯ ಗೇಟಿನಲ್ಲಿ ನಿಂತಿದ್ದ. ಅವ್ವ ನನ್ನನ್ನು ಮನೆಯಲ್ಲಿ ಬಿಟ್ಟಿರಲಿಲ್ಲ. ಸಾಲಿನಲ್ಲಿ ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಜಪಮಾಲೆ. ಓಟು ಹಾಕಿ ಹೊರಬಂದವಳು ಅವನೆದುರೇ ನಿಂತು, ಮಸಿಯ ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಬರೆದಳು. ಗೆರೆ ನೇರ ಬರಲಿಲ್ಲ.