ಕೈಗೆಟುಕದ ಸೀಟು

ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ಮನಿದ್ದುಬಿಡಬೇಕು ಎಂದುಕೊಳ್ಳುತ್ತಲೇ ಅವಳು ಹೊಸ ಆಂಬ್ಯುಲೆನ್ಸಿನ ಸ್ಟ್ರೆಚರ್ ಮೇಲೆ ಅಂಗಾತ ಮಲಗಿದಳು. ತುರ್ತು ಸೇವೆಯ ಆಫೀಸಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಕೊಳ್ಳುವ ಮುನ್ನ ಗಾಡಿ ಓಡಿಸಿ ನೋಡಲು ರೋಗಿಯಂತೆ ಮಲಗಲು ಒಬ್ಬರು ಬೇಕೆಂದಾಗ ಎಲ್ಲರ ಕಣ್ಣೂ ಅವಳ ಮೇಲೆಯೇ ಬಿದ್ದಿತ್ತು.

“ಮಲಗೋದೇ ಕೆಲಸ. ಇಂಥ ನೌಕರಿ ಯಾರಿಗುಂಟು ಹೇಳು?” ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಕೂತ ನರ್ಸಕ್ಕ ನಕ್ಕರು. ತಿರುವಿನಲ್ಲಿ ಗಾಡಿ ವಾಲಿತು. ಆಕ್ಸಿಜನ್ ಮಾಸ್ಕ್ ಅವಳ ಮೂಗಿನಿಂದ ಕಿವಿಯತ್ತ ಜಾರಿತು. ಅಕ್ಕ ಕೈ ಚಾಚಿದರು. ಬೆರಳುಗಳು ಗೇಣು ದೂರದಲ್ಲೇ ನಿಂತವು. ಬೆಲ್ಟ್ ಬಿಚ್ಚಿ ಎದ್ದವರು ಮುಂದಿನ ತಿರುವಿನಲ್ಲಿ ಕಪಾಟಿಗೆ ಭುಜ ಬಡಿಸಿಕೊಂಡರು.

ಇಳಿದಾಗ ಆಫೀಸಿನ ಸಾಹೇಬರು ಹೊಳೆಯುವ ಬಾಗಿಲನ್ನು ಸವರುತ್ತಿದ್ದರು. “ಅರಮನೆ ಇದ್ದಂಗಿದೆ. ಇದನ್ನೇ ತಗೊಳ್ಳೋಣ. ಏನ್ ಸಿಸ್ಟರ್?”

“ನಮಗೆ ಅಭ್ಯಾಸ ಬಿಡಿ ಸಾರ್, ನಿಂತ್ಕೊಂಡೇ ಮಾಡ್ತೀವಿ,” ಎಂದು ಅಕ್ಕ ಭುಜ ತಿಕ್ಕಿಕೊಂಡರು.

“ನಮ್ಮ ರೋಗಿ ಏನಂತಾರೆ?” ಸಾಹೇಬರು ತಮಾಷೆಗೆ ಕೇಳಿದರು.

ಅವಳು ಅಕ್ಕನ ಭುಜ ನೋಡಿದಳು.

“ಒಳಗೆ ಭಯ ಆಯ್ತು ಸಾರ್. ಕೂತ್ರೆ ಅಕ್ಕನ ಕೈಗೆ ನಾನು ಎಟುಕಲ್ಲ, ಎದ್ರೆ ಅಕ್ಕನೇ ಬೀಳ್ತಾರೆ. ಈ ಗಾಡಿ ಬೇಡ.”