ಕರೆಂಟ್ ಹೋಗಬಾರದು

ಇಷ್ಟು ಹೊತ್ತಿಗೆ ಆಗಿರಬೇಕಿತ್ತು. ಆಗಿರದಿದ್ದರೆ? ಇನ್ನೊಂದು ಗಂಟೆ ಸಾಕೋ, ಇಡೀ ದಿನವೇ ಬೇಕೋ? ಡಿಸ್ಕಿನ ಒಳಗೆ ನಡೆಯುವುದು ಹೊರಗಿನವರ ಕಣ್ಣಿಗೆ ಕಾಣುವಂತಿದ್ದರೆ ಅವನಿಗೆ ಈ ಸಂಕಟವಿರುತ್ತಿರಲಿಲ್ಲ. ಕಾಣುತ್ತಿದ್ದದ್ದು ಪರದೆಯ ಮೇಲಿನ ಅಂಕಿ ಮಾತ್ರ. ಹುಡುಕಾಟ, ನೂರಕ್ಕೆ ಮೂವತ್ತೊಂದು.

ಅದು ಬ್ಯಾಟರಿ ಕಾರ್ಖಾನೆಯ ಉಗ್ರಾಣದ ಕೋಣೆ. ಕಿಟಕಿಯ ಗಾಜಿಗೆ, ಕೀಲಿಮಣೆಯ ಸಂದುಗಳಿಗೆ, ಗೋಡೆಯ ಕ್ಯಾಲೆಂಡರಿಗೆ ಸೀಸದ ಪುಡಿ ಬೂದಿಯ ಹಾಗೆ ಮೆತ್ತಿಕೊಂಡಿತ್ತು. ಹನ್ನೊಂದು ವರ್ಷದಿಂದ ಅವನ ಅಕ್ಕ ಇದೇ ಪುಡಿಯ ನಡುವೆ ದುಡಿಯುತ್ತಿದ್ದಳು. ಈಚೆಗೆ ಅವಳು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು.

ಬೆಳಿಗ್ಗೆ ನಡೆದದ್ದು ಇಷ್ಟು. ಕಾರ್ಮಿಕರು ಯಾರಿಗೂ ತಿಳಿಯದಂತೆ ಈ ಕಂಪ್ಯೂಟರಿನಲ್ಲಿ ಸರ್ಕಾರಕ್ಕೊಂದು ದೂರು ಬರೆದಿಟ್ಟಿದ್ದರು. ರಕ್ತಕ್ಕೆ ಸೀಸ ಸೇರುತ್ತಿದೆ, ಕೆಳಗೆ ಹೆಸರಿಸಿದ ಇಪ್ಪತ್ತಮೂರು ಮಂದಿಯನ್ನು ಪರೀಕ್ಷೆ ಮಾಡಿಸಿ ಎಂದು. ಅದು ಮ್ಯಾನೇಜರ ಕಣ್ಣಿಗೆ ಬಿತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ಅವರಿಗೆ ಪಿತ್ತ ನೆತ್ತಿಗೇರಿತು. ಪ್ರತಿ ತೆಗೆದುಕೊಳ್ಳಲು ಹೋಗಿ ಇನ್ನೇನನ್ನೋ ಒತ್ತಿದರು. ಶಾಶ್ವತವಾಗಿ ಅಳಿಸಲೇ ಎಂದು ಯಂತ್ರ ಕೇಳಿದ್ದಕ್ಕೆ ಓದದೆಯೇ ಹೌದೆಂದರು. ಹೆಸರುಗಳವರೆಗೆ ಅವರು ತಲುಪಿರಲೇ ಇಲ್ಲ.

ಮೂರು ವರ್ಷದ ಹಿಂದೆ ಐದು ಜನ ಇಂಥದೇ ದೂರು ಕೊಟ್ಟಿದ್ದರು. ಐವರನ್ನೂ ಒಂದೇ ದಿನ ಹೊರಹಾಕಲಾಯಿತು. ಆಮೇಲೆ ಊರಿನ ಯಾವ ಕಾರ್ಖಾನೆಯೂ ಅವರನ್ನು ಗೇಟಿನ ಒಳಗೆ ಬಿಟ್ಟುಕೊಳ್ಳಲಿಲ್ಲ.

ಅಳಿಸಿಹೋದದ್ದನ್ನು ಹುಡುಕಿ ತೆಗೆಯಲು ಕಂಪ್ಯೂಟರ್ ರಿಪೇರಿಯವನೆಂದು ಅವನಿಗೆ ಕರೆ ಬಂದಾಗ, ಪಟ್ಟಿಯಲ್ಲಿ ಅಕ್ಕನೂ ಇದ್ದಾಳೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಒಂದು ವಾರದಿಂದ ಅವಳ ಮುಖವೇ ಹೇಳುತ್ತಿತ್ತು. ಮನಸ್ಸಿನಲ್ಲಿದ್ದದ್ದನ್ನು ಮುಖದಿಂದ ಮರೆಮಾಡುವ ವಿದ್ಯೆ ಅವಳಿಗೆ ಎಂದೂ ಒಲಿದಿರಲಿಲ್ಲ.

ನಗರದ ದೊಡ್ಡ ಲ್ಯಾಬಿಗೇ ಡಿಸ್ಕನ್ನು ಕಳಿಸಿಬಿಡೋಣವೇ ಎಂದು ಮ್ಯಾನೇಜರು ಕೇಳಿದ್ದರು.

"ಮೊದಲು ಇಲ್ಲೇ ನೋಡ್ತೀನಿ ಸಾರ್," ಎಂದ ಅವನು. "ಆದ್ರೆ ಇದನ್ನ ಯಾರೂ ಆಫ್ ಮಾಡಬಾರ್ದು. ಕರೆಂಟ್ ಒಂದು ಕ್ಷಣವೂ ಹೋಗಬಾರ್ದು."

ಮ್ಯಾನೇಜರಿಗೆ ಅವನ ಶ್ರದ್ಧೆ ಮೆಚ್ಚುಗೆಯಾಯಿತು. ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿದರು. ಹೋಗುವ ಮುನ್ನ ಅವನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಕ್ಕ ನಮ್ಮಲ್ಲೇ ಇದ್ದಾರಲ್ಲ? ಅವರ ಹೆಸರು ಇರಲ್ಲ ಬಿಡಿ. ಒಂದ್ವೇಳೆ ಇದ್ರೆ, ನೀವೇ ಮೊದಲು ನೋಡ್ತೀರಿ."

ಅವನು ತನ್ನ ಅಂಗಡಿಯಿಂದ ಯುಪಿಎಸ್ ತರಿಸಿ ಕಂಪ್ಯೂಟರನ್ನು ಅದಕ್ಕೆ ಸಿಕ್ಕಿಸಿದ.

ಊಟದ ಬಿಡುವಿನಲ್ಲಿ ಅಕ್ಕ ಬಂದಳು. ತಮ್ಮನಿಗೆ ಡಬ್ಬಿ ಕೊಡಬೇಕೆಂದಾಗ ಕಾವಲುಗಾರ ಬಾಗಿಲು ಬಿಟ್ಟ, ಆದರೆ ಅಲ್ಲೇ ಕಿವಿ ನೆಟ್ಟು ನಿಂತ. ಡಬ್ಬಿ ಮೇಜಿನ ಮೇಲಿಟ್ಟು ಅವಳು ಪರದೆಯನ್ನು ನೋಡಿ ಪಿಸುಗುಟ್ಟಿದಳು.

"ಮೂವತ್ತೊಂದು ಅಂದ್ರೆ ಏನೋ? ನಾವಿರೋದೇ ಇಪ್ಪತ್ತಮೂರು."

ಅವನಿಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಅದೇ ತಗ್ಗಿದ ದನಿಯಲ್ಲಿ ಒಬ್ಬೊಬ್ಬರ ಮನೆಯ ಕಥೆ ಹೇಳತೊಡಗಿದಳು. ಇವಳಿಗೆ ಮೂರು ಮಕ್ಕಳು, ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಇನ್ನೊಬ್ಬನಿಗೆ ಬೇರೆ ಕಸುಬೇ ಗೊತ್ತಿಲ್ಲ. ಸಿಗಲಿಲ್ಲ ಅಂತ ಹೇಳಿ ಎದ್ದು ಬಂದುಬಿಡು, ಇದೊಂದನ್ನು ಮಾಡು ಎಂದು ಬೇಡಿದಳು. ಬಾಗಿಲ ಸಂದಿನಲ್ಲಿ ಕಾವಲುಗಾರನ ಬೂಟು ಕಾಣುತ್ತಿತ್ತು.

"ನನ್ನ ಕೆಲ್ಸ ನಂಗೆ ಮಾಡೋಕೆ ಬಿಡಕ್ಕ," ಎಂದ ಅವನು.

ಅವಳು ಬಗ್ಗಿ ಕಂಪ್ಯೂಟರಿನ ಹಿಂದಿನ ವಯರನ್ನು ಹಿಡಿದು ಜಗ್ಗಿದಳು. ಪರದೆ ಕಪ್ಪಾಯಿತು.

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಅವಳ ಮುಷ್ಟಿಯನ್ನು ಬಲವಂತವಾಗಿ ಬಿಡಿಸಿ, ಅವಳನ್ನು ಗೋಡೆಯತ್ತ ನೂಕಿ, ವಯರನ್ನು ಮತ್ತೆ ಸಿಕ್ಕಿಸಿದ. ಏನದು ಎಂದು ಕಾವಲುಗಾರ ತಲೆ ಹಾಕಿದ. ತನ್ನ ಕಾಲೇ ವಯರಿಗೆ ತಗುಲಿತು, ಏನೂ ಆಗಿಲ್ಲ ಎಂದ ಅವನು. ಯಂತ್ರ ಗುಂಯ್‌ಗುಟ್ಟಿ ಎಚ್ಚರವಾಗುವವರೆಗೆ ವಯರಿನಿಂದ ಕೈ ತೆಗೆಯಲಿಲ್ಲ.

ಅಕ್ಕ ಕೆಂಪಾದ ಮಣಿಕಟ್ಟನ್ನು ನೋಡಿಕೊಂಡಳು.

"ಇವತ್ತಿಂದ ನಿಂಗೆ ಅಕ್ಕ ಇಲ್ಲ ಅಂದ್ಕೋ," ಎಂದು ಹೊರಗೆ ಹೋದಳು.

ಮರುದಿನ ಸಂಜೆ ಅಂಕಿ ನೂರಾಯಿತು. ಏನೂ ಸಿಗಲಿಲ್ಲ. ಇಷ್ಟೇನಾ ನಿಮ್ಮ ವಿದ್ಯೆ ಎಂದು ಮ್ಯಾನೇಜರು ಎಲ್ಲರೆದುರು ಅವನ ಮಾನ ಕಳೆದರು, ಇನ್ನು ಈ ಕಡೆ ತಲೆ ಹಾಕಬೇಡಿ ಎಂದರು. ಡಿಸ್ಕು ದೊಡ್ಡ ಲ್ಯಾಬಿಗೆ ಹೋಗಿ ವಾರದಲ್ಲಿ ಬರಿಗೈಯಲ್ಲಿ ವಾಪಸಾಯಿತು. ಅಷ್ಟರಲ್ಲಿ ದೂರನ್ನು ಬೇರೆ ಕಡೆ ಕುಳಿತು, ಹೆಸರುಗಳಿಲ್ಲದೆ, ಹೊಸದಾಗಿ ಬರೆದು ಕಳಿಸಿಯಾಗಿತ್ತು. ರಕ್ತ ತೆಗೆಯುವವರು ಕಾರ್ಖಾನೆಗೆ ಬಂದರು.

ಅಕ್ಕ ದುಡಿಯುವ ಪ್ಲೇಟ್ ವಿಭಾಗದಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಆ ಹೊತ್ತಿನಲ್ಲಿ ಅವಳು ವಯರ್ ಕಿತ್ತದ್ದರಿಂದಲೇ ತಮ್ಮನ ಕೆಲಸ ಕೆಟ್ಟಿತು, ಇಪ್ಪತ್ತಮೂರು ಮನೆ ಉಳಿಯಿತು. ಅಕ್ಕ ತಲೆಯೆತ್ತಿ ನಡೆಯುತ್ತಾಳೆ. ಅವನು ಮನೆಗೆ ಹೋದರೆ, ನಿಮ್ಮ ಮಾಮ ಬಂದಿದ್ದಾರೆ ಎಂದು ಮಕ್ಕಳಿಗೆ ಹೇಳಿ ಒಳಗೆ ಹೋಗಿಬಿಡುತ್ತಾಳೆ. ಅವನು ಮಕ್ಕಳೊಡನೆ ಸ್ವಲ್ಪ ಹೊತ್ತು ಕುಳಿತು ಎದ್ದು ಬರುತ್ತಾನೆ.

ಆ ಕಂಪ್ಯೂಟರಿನಲ್ಲಿದ್ದಂಥ ಹೊಸ ಬಗೆಯ ಡಿಸ್ಕು ಅಳಿಸಿದ್ದನ್ನು ತಾನಾಗಿಯೇ ಒಳಗೊಳಗೆ ಒರೆಸಿಹಾಕುತ್ತದೆ, ಅದಕ್ಕೆ ಬೇಕಾದದ್ದು ಕರೆಂಟು ಮಾತ್ರ, ಅವಳು ಕಿತ್ತ ವಯರು ಕಿತ್ತೇ ಇದ್ದಿದ್ದರೆ ಲ್ಯಾಬಿನವರಿಗೆ ಇಪ್ಪತ್ತಮೂರು ಹೆಸರೂ ಸಿಗುತ್ತಿದ್ದವು ಎಂದು ಅವನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.